ಆಗದೆ ಹೋದ ಸ್ಕ್ಯಾನ್

೧೨ ಆಗಸ್ಟ್ ೨೦೦೬, ಶನಿವಾರ

ಸ್ಕ್ಯಾನ್ ಆಗಲೇ ಇಲ್ಲ. ಅಪ್ಪಾಜಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಕನಸಿನ ಕಳ್ಳನನ್ನು ಹೊಡೆಯಲು ಹೋಗಿ ನಿದ್ದೆಯಲ್ಲೇ ಅಮ್ಮನ ತುಟಿ ಒಡೆದಿದ್ದಾರೆ. ಇಂಥ ನಿದ್ದೆ ಮುಂದೆ ಬರುವ ನಡುಕದ ರೋಗದ ಮುನ್ಸೂಚನೆ ಇರಬಹುದು, ಮೆದುಳಿನ ಚಿತ್ರ ತೆಗೆಸಿ ನೋಡೋಣ ಎಂದಿದ್ದರು ಡಾಕ್ಟರು. ಕಾಡಿ ಬೇಡಿ ಕರೆದುಕೊಂಡು ಹೋಗಿದ್ದೆ.

ಯಂತ್ರದೊಳಗೆ ಲೋಹ ಕೂಡದು ಎಂದ ಟೆಕ್ನೀಷಿಯನ್. ಅಪ್ಪಾಜಿ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಲಿಂಗ ಮೈ ಬುಟ್ಟು ಇರೋ ಹಂಗಿಲ್ಲ ಕಣಪ್ಪ."

"ಬೆಳ್ಳೀದು ಮಾತ್ರ ಬಿಚ್ಚಿಡಿ ಯಜಮಾನ್ರೇ. ಲಿಂಗ ಬಟ್ಟೇಲಿ ಕಟ್ಕೊಂಡೇ ಮಲಗಿ."

ಅಪ್ಪಾಜಿ ಒಪ್ಪಿ ಅಂಗಿಯ ಗುಂಡಿ ಬಿಚ್ಚತೊಡಗಿದರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತಂತೆ, ಅಮ್ಮ ಹೇಳುತ್ತಾಳೆ. ವಿಚಾರವಾದಿಗಳ ಕಿರುಹೊತ್ತಗೆಗಳಲ್ಲಿ ಓದಿದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಓದಿ ಏನು ಬಂತು?

"ಅದು ಬರೀ ಕಲ್ಲು ಅಪ್ಪಾಜಿ. ಕಲ್ಲಿಗೆ ಹೆದರ್ಕೊಂಡು ಮೆದುಳು ಕಳ್ಕೋತೀರಾ?" ಎಂದೆ, ಕಾದು ಕುಳಿತವರೆಲ್ಲ ಕೇಳುವಂತೆ.

ಅವರು ಗುಂಡಿಗಳನ್ನು ಮತ್ತೆ ಹಾಕಿಕೊಂಡರು. "ನಡಿಯವ್ವ ಪಂಡಿತೆ, ಮನೆಗೆ. ಮೊದ್ಲು ನಿನ್ ತಲೇದೇ ಫೋಟೋ ತೆಗೆಸ್ಕೋ."

ಆಟೋ ಹಿಡಿದು ವಿದ್ಯಾರಣ್ಯಪುರಂನ ಮನೆಗೆ ಮರಳಿದೆವು.

ನಾನು ಹೇಳಿದ್ದು ಸುಳ್ಳಲ್ಲ. ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಪಕ್ಕದ ಕೋಣೆಯಲ್ಲಿ ತಮ್ಮ ಬಲಗೈಯನ್ನು ಟವೆಲಿನಿಂದ ಮಂಚಕ್ಕೆ ಕಟ್ಟಿಸಿಕೊಳ್ಳುತ್ತಿದ್ದಾರೆ. "ಇನ್ನೊಂಚೂರು ಬಿಗಿಯಾಗಿ ಕಟ್ಟು ಪ್ರೇಮಾ, ನಿಂಗೆ ಮತ್ತೆ ಏಟು ಬಿದ್ದಾತು." ಬಿಗಿಯಲು ಅಮ್ಮನಿಗೆ ಕೈ ಬರುತ್ತಿಲ್ಲ. ನನ್ನನ್ನು ಕರೆಯುತ್ತಿದ್ದಾಳೆ. ನಾನು ಹೋಗುವುದಿಲ್ಲ. ಆ ಗಂಟನ್ನು ನಾನು— ಮತ್ತೆ ಕರೆದಳು. ಹೋಗಿ ಬಿಗಿದು ಬರುತ್ತೇನೆ.