ಶ್ರೀಕಂಠ ಬಚ್ಚಿಟ್ಟರೆಂದು ನೀವು ಬರೆದ ನಾಣ್ಯ

ಪ್ರಾಚ್ಯವಸ್ತು ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಗಂಡ ಶ್ರೀಕಂಠ ಕಳ್ಳರಲ್ಲ. ಅವರು ತೀರಿಕೊಂಡ ಮೇಲೆ ಅವರ ಹೆಸರಿಗೇ ನಮ್ಮ ಮನೆಗೆ ಬಂದ ನಿಮ್ಮ ನೋಟೀಸಿನಲ್ಲಿ, ಹೊಲದಲ್ಲಿ ಸಿಕ್ಕ ಹಳೆಯ ಬೆಳ್ಳಿ ನಾಣ್ಯವನ್ನು ಅವರು ‘ಉದ್ದೇಶಪೂರ್ವಕವಾಗಿ ಬಚ್ಚಿಟ್ಟಿದ್ದಾರೆ ಅಥವಾ ಮಾರಿದ್ದಾರೆ’ ಎಂದು ಬರೆದಿದ್ದೀರಿ. ಆ ಮಾತನ್ನು ನಿಮ್ಮ ಕಡತದಿಂದ ತೆಗೆಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಕೊಡಬೇಕಾದವರು ಈಗ ಕೊಡುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಅವರ ಹೆಂಡತಿಯೇ ಕೊಡುತ್ತಿದ್ದಾಳೆ. ಈ ಸಣ್ಣ ಕ್ರಮಲೋಪವನ್ನು ತಾವು ಮನ್ನಿಸಬೇಕು.

ಕೆನಡಾದ ಕಚೇರಿಗೆ ಕನ್ನಡದಲ್ಲಿ ಯಾಕೆ ಪತ್ರ ಎಂದು ನೀವು ಕೇಳಬಹುದು. ನನ್ನ ಮಗಳು ಅಪೂರ್ವ ಇದನ್ನು ಇಂಗ್ಲಿಷಿಗೆ ಮಾಡಿ ನಿಮಗೆ ಕಳುಹಿಸುತ್ತಾಳೆ, ಚಿಂತೆ ಬೇಡ. ಆದರೆ ಮೊದಲು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲೇ ಇದು ಅಚ್ಚಾಗಬೇಕೆಂದು ನಾನು ಹಟ ಹಿಡಿದೆ. ಯಾಕೆಂದರೆ ನಿಮ್ಮ ಆಪಾದನೆ ವುಡ್‌ಬ್ರಿಡ್ಜಿನಿಂದ ಥಾರ್ನ್‌ಹಿಲ್ ತನಕ ನಮ್ಮವರ ಮನೆಮನೆಯಲ್ಲೂ ಕಾಫಿ ಜೊತೆಗೆ ಹಂಚಿಕೆಯಾಗಿದೆ. ನಿಮ್ಮ ಕಚೇರಿಯ ಕೆಲಸಗಳೆಲ್ಲ ಇಷ್ಟೇ ಚುರುಕಾಗಿ ನಡೆದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಓದಿ ನೋಡಿದ ಅಪೂರ್ವ, "ಅಮ್ಮಾ, ಇಟ್ಸ್ ಟೂ ಆಂಗ್ರಿ, ಸ್ವಲ್ಪ ಟೋನ್ ಡೌನ್ ಮಾಡು" ಎಂದಳು. ಮಾಡಿದ್ದೇನೆ. ಮಾಡಿದ ಮೇಲೆ ಉಳಿದಿರುವುದು ಇದು.

ನನ್ನ ಗಂಡ ವಾನ್ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್ ಆಗಿದ್ದರು. ವಾರವಿಡೀ ಕಬ್ಬಿಣದಲ್ಲಿ ಕುಂದು ಹುಡುಕುವ ಮನುಷ್ಯ ಶನಿವಾರ ಬಂದರೆ ನೆಲದಲ್ಲಿ ಕಬ್ಬಿಣ ಹುಡುಕಲು ಹೊರಡುತ್ತಿದ್ದರು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂತಿರುವ ಮೆಟಲ್ ಡಿಟೆಕ್ಟರು. "ಮೈಸೂರಲ್ಲಿ ಇದ್ದಿದ್ರೆ ಜನ ನಿಮ್ಮನ್ನ ಬಸ್ ಸ್ಟ್ಯಾಂಡಿನ ಸೆಕ್ಯುರಿಟಿ ಅಂದ್ಕೋತಿದ್ರು" ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಸಿಗುತ್ತಿದ್ದದ್ದಾದರೂ ಏನು? ಬಿಯರ್ ಬಾಟಲಿಯ ಮುಚ್ಚಳ, ಟ್ರ್ಯಾಕ್ಟರಿನ ಬೋಲ್ಟು, ಯಾವುದೋ ಕಾಲದ ಕೋಟಿನ ಗುಂಡಿ. ಒಮ್ಮೆ ಸಿಕ್ಕ ಕುದುರೆ ಲಾಳವನ್ನು ಹಬ್ಬದ ಹೋಳಿಗೆ ತರುವವರ ಸಂಭ್ರಮದಲ್ಲಿ ಮನೆಗೆ ತಂದರು. ಗ್ಯಾರೇಜಿನಲ್ಲಿ ನನ್ನ ಉಪ್ಪಿನಕಾಯಿ ಜಾಡಿಗಳ ಪಕ್ಕಕ್ಕೆ ಅದನ್ನು ನೇತು ಹಾಕಿದರು.

ಅವರು ಹುಡುಕುತ್ತಿದ್ದ ಹೊಲ ಕ್ಲೈನ್‌ಬರ್ಗ್ ದಾಟಿದ ಮೇಲೆ ಸಿಗುತ್ತದೆ. ಅದು ಡೊಮೆನಿಕ್ ಎಂಬ ವಯಸ್ಸಾದ ಇಟಾಲಿಯನ್ ರೈತರದು. ಅವರ ಅಪ್ಪಣೆ ಇಲ್ಲದೆ ಶ್ರೀಕಂಠ ಬೇಲಿಯ ಒಳಗೆ ಕಾಲಿಟ್ಟವರಲ್ಲ. ಸೋಯಾಬೀನ್ ಕಟಾವು ಮುಗಿದ ಮೇಲೆ, ಹಿಮ ಬೀಳುವ ಮೊದಲು ಸಿಗುವ ಕೆಲವೇ ವಾರಗಳಲ್ಲಿ ಹುಡುಕುವುದು, ತೋಡಿದ ಗುಂಡಿಯನ್ನು ಹಾಗೆಯೇ ಮುಚ್ಚಿ ಬರುವುದು ಅವರ ಕ್ರಮ. ಡೊಮೆನಿಕ್ ಮನೆಯಲ್ಲಿ ಕಾಫಿ ಕುಡಿದು, ಅವರು ಕೊಟ್ಟ ಟೊಮೆಟೊ ತರುತ್ತಿದ್ದರು. ಪ್ರತಿಯಾಗಿ ನಾನು ಚಕ್ಕುಲಿ ಕಳುಹಿಸುತ್ತಿದ್ದೆ.

ಹೋದ ಅಕ್ಟೋಬರಿನಲ್ಲಿ ಆ ಹೊಲದ ಅಂಚಿನಲ್ಲಿ ಅವರಿಗೆ ಒಂದು ಬೆಳ್ಳಿ ನಾಣ್ಯ ಸಿಕ್ಕಿತು. ತೆಳ್ಳಗಿತ್ತು, ಅಂಚು ಸವೆದಿತ್ತು. ಗುಂಗುರು ಕೂದಲಿನ ಯಾವುದೋ ಫ್ರೆಂಚ್ ರಾಜನ ಮುಖ ಮಾತ್ರ ಚೆನ್ನಾಗಿ ಉಳಿದಿತ್ತು. ಇಸವಿಯ ಮೊದಲೆರಡು ಅಂಕಿಗಳು ಮಾತ್ರ ಕಾಣುತ್ತಿದ್ದವು, ಒಂದು ಮತ್ತು ಆರು. ಅಂದರೆ ಹದಿನೇಳನೆಯ ಶತಮಾನದ್ದು. ಅಂಥದ್ದು ಈ ದೇಶದ ಮಣ್ಣಿನಲ್ಲಿ ಸಿಗುವುದು ತೀರಾ ಅಪರೂಪವಂತೆ. ಮನೆಗೆ ಬಂದವರು ಬೂಟು ಕೂಡ ಬಿಚ್ಚದೆ ನನ್ನನ್ನು ಕೂಗಿದರು. "ಜಯಾ, ನೋಡಿಲ್ಲಿ. ಹಂಬರ್ ನದಿ ಪಕ್ಕ ಹಳೇ ಕಾಲ್ದಾರಿ ಇತ್ತಂತೆ. ಆ ದಾರೀಲಿ ನಡ್ಕೊಂಡು ಹೋದೋನು ಯಾವನೋ ಬೀಳಿಸ್ಕೊಂಡಿದಾನೆ. ಪಾಪ, ಎಷ್ಟು ಹುಡುಕಿದ್ನೋ!" ನಾಣ್ಯದ ಬೆಲೆ ಎಷ್ಟಿರಬಹುದು ಎಂದು ಅವರು ಕೇಳಲಿಲ್ಲ. ಕಳೆದುಕೊಂಡವನ ಬಗ್ಗೆ ಮರುಗಿದರು. ಮಾನ್ಯರೇ, ಕದಿಯುವವರು ಹೀಗೆ ಮಾತಾಡುತ್ತಾರೆಯೇ?

ಆ ಸಂಜೆಯೇ ಅವರು ನಿಮ್ಮ ಕಚೇರಿಗೆ ಇಮೇಲ್ ಮಾಡಿದರು. ನಾಣ್ಯದ ಫೋಟೋ, ಹೊಲದ ನಕ್ಷೆ, ಸಿಕ್ಕ ಜಾಗದ ಗುರುತು ಎಲ್ಲವನ್ನೂ ಕಳುಹಿಸಿದರು. ಆ ಹೊಲವನ್ನು ಡೊಮೆನಿಕ್ ಅವರ ಮಕ್ಕಳು ಗೋದಾಮು ಕಟ್ಟುವವರಿಗೆ ಮಾರಲಿದ್ದಾರೆ, ಬುಲ್ಡೋಜರು ಬರುವ ಮೊದಲು ನೀವು ಬಂದು ನೋಡಬೇಕು, ಅಲ್ಲಿ ಇನ್ನೂ ಏನೇನಿದೆಯೋ ಎಂದು ಬೇಡಿಕೊಂಡರು. ನೀವು ಅದಕ್ಕೆ ಉತ್ತರ ಕೊಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ‘ನಿಮ್ಮ ಸಂದೇಶ ನಮಗೆ ಮುಖ್ಯ’ ಎಂದು ನಿಮ್ಮ ಕಂಪ್ಯೂಟರ್ ತಕ್ಷಣ ಉತ್ತರಿಸಿತು. ಎಷ್ಟು ಮುಖ್ಯವಾಗಿತ್ತೆಂದರೆ, ಮುಟ್ಟಿ ಕೆಡಿಸಬಾರದೆಂದು ಚಳಿಗಾಲ ಮುಗಿಯುವ ತನಕ ಅದನ್ನು ಯಾರೂ ತೆರೆದೇ ಇಲ್ಲ. ಅವರು ಫೋನೂ ಮಾಡಿದರು. ಫೋನ್ ಮಾಡಿದವರನ್ನು ಕಾಯಿಸಲು ನಿಮ್ಮ ಕಚೇರಿ ಹಾಕುವ ಸಂಗೀತ ನಮ್ಮ ಅಡುಗೆಮನೆಯಲ್ಲಿ ಸ್ಪೀಕರ್ ಮೇಲೆ ಮೊಳಗುತ್ತಿತ್ತು, ನಾನು ಅದನ್ನು ಕೇಳುತ್ತಲೇ ಹುರುಳಿಕಾಯಿ ಹೆಚ್ಚುತ್ತಿದ್ದೆ. ಅದರ ರಾಗ ನನಗೆ ಬಾಯಿಪಾಠವಾಗಿದೆ.

ನೀವು ಬರುವ ತನಕ ನಾಣ್ಯವನ್ನು ಇಡುವುದಾದರೂ ಎಲ್ಲಿ? ಉಜ್ಜಿದರೆ ಹಾಳಾಗುತ್ತದೆಂದು ಅವರು ಅದಕ್ಕೆ ನೀರು ಕೂಡ ತಾಗಿಸಲಿಲ್ಲ. ದೇವರ ಮನೆಯಲ್ಲಿ ಲಕ್ಷ್ಮಿ ಪಟದ ಮುಂದಿನ ಪುಟ್ಟ ಬೆಳ್ಳಿ ಬಟ್ಟಲಿನಲ್ಲಿ, ಅಕ್ಷತೆಯ ಮೇಲೆ ಇಟ್ಟರು. ನಮ್ಮಲ್ಲಿ ಬಹಳ ಮನೆಗಳಲ್ಲಿ ದೇವರ ಮುಂದೆ ಒಂದು ಹಳೆಯ ನಾಣ್ಯ ಇರುತ್ತದೆ. ಅಜ್ಜಿ ಕೊಟ್ಟದ್ದೋ, ಅತ್ತೆ ಕೊಟ್ಟದ್ದೋ, ಯಾವ ರಾಜನದೋ ಯಾರೂ ಕೇಳುವುದಿಲ್ಲ. "ಆಫೀಸಿನೋರು ಬಂದು ನೋಡ್ಲಿ, ಆಮೇಲೆ ಎಲ್ರಿಗೂ ಹೇಳೋಣ. ಅಲ್ಲೀವರೆಗೆ ಅದು ನಮ್ಮದಲ್ಲ" ಎಂದರು. ಥಾರ್ನ್‌ಹಿಲ್‌ನಲ್ಲಿ ತಮ್ಮ ಸತೀಶನ ಜೊತೆಗಿರುವ ತಾಯಿಗೂ ಅವರು ಹೇಳಲಿಲ್ಲ. ನಿಮಗೆ ಕೊಟ್ಟ ಗೌರವ ಅದು. ನೀವು ಬರುತ್ತೀರೆಂದು ಈ ಭೂಮಿಯ ಮೇಲೆ ನಂಬಿದ್ದವರು ಬಹುಶಃ ಅವರೊಬ್ಬರೇ.

ಫೆಬ್ರವರಿಯಲ್ಲಿ ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದಾಗ ಅವರು ಕುಸಿದು ಬಿದ್ದರು. ನಾನು ಕಿಟಕಿಯಿಂದ ನೋಡಿದಾಗ ಸಲಿಕೆ ನೆಟ್ಟಗೆ ನಿಂತಿತ್ತು, ಅವರು ಕಾಣಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಸುದ್ದಿ ತಿಳಿದು ಅತ್ತೆ ಸುಮಿತ್ರಮ್ಮ ನಮ್ಮ ಮನೆಗೆ ಬಂದರು, ಆಮೇಲೆ ನನ್ನ ಜೊತೆಗೇ ಉಳಿದರು. ನಮ್ಮ ಕಡೆ ತೀರಿಕೊಂಡವರ ಹಣೆಗೆ ಕುಂಕುಮ ಕಲಸಿ ಒಂದು ನಾಣ್ಯ ಅಂಟಿಸುತ್ತಾರೆ. ಹೋಗುವವರು ಬರಿಗೈಯಲ್ಲಿ ಹೋಗಬಾರದು ಎಂಬ ಕಕ್ಕುಲಾತಿ, ಅಷ್ಟೆ. ಕ್ರಿಮೆಟೋರಿಯಂನಲ್ಲಿ ಹಿರಿಯರೊಬ್ಬರು "ಒಂದು ಕಾಯಿನ್ ಕೊಡಿ" ಎಂದು ಕೈ ಚಾಚಿದರು. ಅಲ್ಲಿದ್ದ ಗಂಡಸರೆಲ್ಲ ಜೇಬು ತಡಕಿದರು. ಎಲ್ಲರ ಬಳಿಯೂ ಕಾರ್ಡುಗಳಿದ್ದವು. ಈ ದೇಶದಲ್ಲಿ ಈಗ ಯಾರು ಚಿಲ್ಲರೆ ಇಟ್ಟುಕೊಳ್ಳುತ್ತಾರೆ? ಸತೀಶ ಕಾರಿನ ಕಪ್ ಹೋಲ್ಡರಿನಲ್ಲಿ ಹುಡುಕಲು ಹೊರಗೆ ಓಡಿದ. ಆಗ ಅತ್ತೆ, "ಇರಲಿ, ನಾನು ತಂದಿದೀನಿ" ಎಂದು ಸೆರಗಿನ ಗಂಟು ಬಿಚ್ಚಿದರು. ಇಂಥ ಹೊತ್ತಿಗೆ ಏನು ಬೇಕೆಂದು ಆ ತಾಯಿಗೆ ಗೊತ್ತಿತ್ತು. ಬೆಳಿಗ್ಗೆಯೇ ದೇವರ ಮನೆಗೆ ಹೋಗಿ, ಲಕ್ಷ್ಮಿಯ ಮುಂದಿದ್ದ ಹಳೆಯ ಕಾಸನ್ನು ತೆಗೆದುಕೊಂಡಿದ್ದರು.

ಅದು ಯಾವ ಕಾಸೆಂದು ನಾನು ನೋಡಿದೆ. ನೋಡಿದ ಕೂಡಲೇ ಗುರುತು ಹಿಡಿದೆ. ಆದರೆ ಅತ್ತೆಯ ಬೆರಳು ಅಷ್ಟರಲ್ಲಿ ಅವರ ಹಣೆಯ ಮೇಲಿತ್ತು. ಸಣ್ಣ ಮಗುವಿಗೆ ದೃಷ್ಟಿಬೊಟ್ಟು ಇಡುವ ಹಾಗೆ ಮೆಲ್ಲಗೆ ಒತ್ತುತ್ತಾ, "ಜೋಪಾನ ಮಗಾ" ಎಂದರು. ಮಾನ್ಯ ಅಧಿಕಾರಿಗಳೇ, ನಿಮ್ಮ ಕಾಯ್ದೆಯಲ್ಲಿ ಇದಕ್ಕೊಂದು ಕಲಮು ಇದ್ದರೆ ತಿಳಿಸಿ. ಆ ಕೈಯನ್ನು ಹಿಡಿದು, ಅತ್ತೆ ತೆಗೀರಿ, ಅದು ಸರ್ಕಾರದ್ದು ಎಂದು ನಾನು ಹೇಳಬೇಕಿತ್ತೆ? ನೀವಾಗಿದ್ದರೆ ಹೇಳುತ್ತಿದ್ದಿರೆ? ನಾನು ಸುಮ್ಮನಿದ್ದೆ. ಇವತ್ತು ಅದೇ ಗಳಿಗೆ ಮತ್ತೆ ಬಂದರೂ ಸುಮ್ಮನೇ ಇರುತ್ತೇನೆ.

ಆದರೂ ನಿಮ್ಮ ವಸ್ತು ನಿಮಗೆ ಸೇರಲೆಂದು ಬೂದಿ ತರಲು ಹೋದಾಗ ಕೇಳಿದೆ. ಅಲ್ಲಿನವರು ಒಳ್ಳೆಯವರು, ಮೆತ್ತಗೆ ಹೇಳಿದರು. ಬೆಂಕಿಯಲ್ಲಿ ಉಳಿದ ಲೋಹವನ್ನೆಲ್ಲ ಒಂದು ಡ್ರಮ್ಮಿಗೆ ಹಾಕುತ್ತಾರಂತೆ, ಡ್ರಮ್ಮು ತುಂಬಿದಾಗ ಕರಗಿಸಲು ಕಳುಹಿಸುತ್ತಾರಂತೆ. ಅದರಲ್ಲಿ ಯಾರ್‍ಯಾರದೋ ಮಂಡಿಚಿಪ್ಪಿನ ಸ್ಟೀಲು, ಸೊಂಟದ ಸ್ಕ್ರೂ ಇರುತ್ತವೆ. ಅಷ್ಟು ತೆಳ್ಳಗಿನ ಬೆಳ್ಳಿ ಆ ಕಾವಿಗೆ ಉಳಿಯಿತೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಆ ವೇಳೆಗೆ ಡ್ರಮ್ಮು ಹೋಗಿಯಾಗಿತ್ತು.

ಆಮೇಲೆ, ಹಿಮ ಕರಗಿದ ಮೇಲೆ, ನಿಮಗೆ ಎಚ್ಚರವಾಯಿತು. ‘ನಾಣ್ಯವನ್ನು ಕೂಡಲೇ ಹಾಜರುಪಡಿಸಿ’ ಎಂದು ಶ್ರೀಕಂಠರಿಗೆ ಬರೆದಿರಿ. ಅವರು ತೀರಿಕೊಂಡರೆಂದು ಅಪೂರ್ವ ಫೋನಿನಲ್ಲಿ ತಿಳಿಸಿದಳು, ನಾಣ್ಯ ಚಿತೆಯಲ್ಲಿ ಹೋಯಿತೆಂದೂ ಹೇಳಿದಳು. ಅದು ‘ನಂಬಲರ್ಹವಲ್ಲ’ ಎಂದು ಎರಡನೆಯ ನೋಟೀಸು ಬಂತು, ಮತ್ತೆ ಅವರ ಹೆಸರಿಗೇ. ನಾಣ್ಯ ಸುಟ್ಟುಹೋದದ್ದನ್ನು ನಂಬದ ನೀವು, ಸತ್ತವರು ಟಪಾಲು ಓದುತ್ತಾರೆಂದು ಮಾತ್ರ ಹೇಗೆ ನಂಬಿದಿರಿ? ‘ನಿಮ್ಮ ಪತ್ನಿ ಜೆರಾರ್ಡ್ ಬೀದಿಯ ಆಭರಣದ ಅಂಗಡಿಯಲ್ಲಿ ಕಾಣಿಸಿಕೊಂಡರೆಂದು ಮಾಹಿತಿ ಬಂದಿದೆ’ ಎಂಬ ಸಾಲು ಬೇರೆ.

ಮಾಹಿತಿ ನಿಜ. ನಾನು ಅದೇ ಬೀದಿಯ ಇಂಡಿಯಾ ಬಜಾರಿನ ಆ ಅಂಗಡಿಗೆ ಹೋಗಿದ್ದೆ. ನನ್ನ ಕಾಲುಂಗುರಗಳು ಬೆರಳಿಗೆ ಕಚ್ಚಿಕೊಂಡಿದ್ದವು, ಸೋಪು ಹಚ್ಚಿದರೂ ಬರಲಿಲ್ಲ. ಅತ್ತೆ ತೆಗೆಯೆಂದು ಹೇಳಿದವರಲ್ಲ. "ಬಿಡೇ, ಈ ದೇಶದಲ್ಲಿ ಯಾರು ನೋಡ್ತಾರೆ" ಎಂದಿದ್ದರು. ನಾನು ನೋಡುತ್ತಿದ್ದೆನಲ್ಲ! ಕಾಲುಚೀಲ ಹಾಕಿಕೊಳ್ಳುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಅಂಗಡಿಯವರು ಸ್ಟೂಲಿನ ಮೇಲೆ ನನ್ನ ಕಾಲಿರಿಸಿ, ಸಣ್ಣ ಕತ್ತರಿಯಿಂದ ಅವನ್ನು ಕತ್ತರಿಸಿದರು. "ಬೆಹೆನ್‌ಜಿ, ನೋವಾಯ್ತಾ?" ಎಂದು ಹಿಂದಿಯಲ್ಲಿ ಕೇಳಿ ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನು ನೋಡಿ ನಿಮಗೆ ಸುದ್ದಿ ಮುಟ್ಟಿಸಿದವರು ನಮ್ಮವರೇ ಇರಬೇಕು. ಅವರು ಈ ಪತ್ರಿಕೆ ಓದುತ್ತಾರೆಂಬ ಭರವಸೆ ನನಗಿದೆ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಯಾವ ನಾಣ್ಯವೆಂದು ಅತ್ತೆಗೆ ಎಂದೂ ತಿಳಿಯದಿರಲಿ ಎಂದು ನಾನು ಬಾಯಿ ಹೊಲಿದುಕೊಂಡಿದ್ದೆ. ನಿಮ್ಮ ಎರಡನೆಯ ನೋಟೀಸಿನ ಜೊತೆ ನಾಣ್ಯದ ಫೋಟೋ ಇತ್ತಲ್ಲ, ಏನೂ ತಿಳಿಯದ ಸತೀಶ ಅದನ್ನು ಅವರ ಮುಂದೆಯೇ ಬಿಚ್ಚಿ ಓದಿದ. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು.

"ಇದು ದೇವರ ಮುಂದೆ ಇದ್ದದ್ದಲ್ವೇನೆ?"

"ಹೌದು ಅತ್ತೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಯ್ಯೋ, ಅವನು ಅಷ್ಟು ಆಸೆಪಟ್ಟು ಹುಡುಕಿದ್ದನ್ನ ನಾನೇ ಬೆಂಕಿಗೆ ಹಾಕ್ದೆನಲ್ಲೇ!"

ಅವತ್ತಿನಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ. ಬೆಳಗಾದರೆ ಸ್ವೆಟರ್ ತೊಟ್ಟು, ಬೂಟು ಹಾಕಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಾರೆ. "ನನ್ನ ಆ ಆಫೀಸಿಗೆ ಕರ್ಕೊಂಡು ಹೋಗು. ಕದ್ದದ್ದು ನಾನು ಅಂತ ಹೇಳ್ತೀನಿ. ನನ್ನ ಮಗನ ಹೆಸರು ತೆಗೀಲಿ" ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ಎಂಬತ್ತು ದಾಟಿದ ಮುದುಕಿಗೆ, ನೀನು ತಪ್ಪು ಮಾಡಿದೆ ಎಂದು ತಿಳಿಸಿದ ಕೀರ್ತಿ ನಿಮ್ಮದು. ನಾನು ದಿನವೂ ಅವರ ಬೂಟು ಬಿಚ್ಚಿ ಒಳಗೆ ಕರೆದುಕೊಂಡು ಬರುತ್ತೇನೆ.

ಮೊನ್ನೆ ಡೊಮೆನಿಕ್ ನಮ್ಮನ್ನು ಮಾತಾಡಿಸಲು ಬಂದಿದ್ದರು. ಹೊಲದಲ್ಲಿ ಯಂತ್ರಗಳು ಇಳಿದಿವೆಯಂತೆ. ಮೇಲ್ಮಣ್ಣನ್ನೆಲ್ಲ ಕೆರೆದು ಗುಡ್ಡ ಹಾಕಿದ್ದಾರಂತೆ. ಕಳೆದುಹೋದ ಒಂದು ನಾಣ್ಯಕ್ಕಾಗಿ ಎರಡು ನೋಟೀಸು ಕಳುಹಿಸಿದ ನೀವು, ಆ ಹೊಲಕ್ಕೆ ಒಬ್ಬರನ್ನಾದರೂ ಕಳುಹಿಸಿದಿರಾ? ಶ್ರೀಕಂಠ ನಿಮ್ಮನ್ನು ಕರೆದದ್ದು ಆ ಹೊಲಕ್ಕಾಗಿ. ಅದನ್ನು ನೆನೆದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬರುತ್ತದೆ.

ನಾನು ಕೇಳುವುದು ಹೆಚ್ಚೇನಿಲ್ಲ. ‘ಬಚ್ಚಿಟ್ಟರು’ ಎಂಬುದನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ‘ಈ ನಾಣ್ಯವನ್ನು ಪತ್ತೆಹಚ್ಚಿ ನಮಗೆ ತಿಳಿಸಿದವರು ಶ್ರೀಕಂಠ’ ಎಂದು ಬರೆಯಿರಿ. ಬರೆದದ್ದನ್ನು ಅತ್ತೆಯ ಹೆಸರಿಗೆ ಕಳುಹಿಸಿ. ನಾನು ಅವರಿಗೆ ಓದಿ ಹೇಳುತ್ತೇನೆ.

ಪುರಾವೆ ಬೇಕೆನ್ನುತ್ತೀರಿ. ಇದೆ. ಮೈಸೂರಿನ ನೆಂಟರು ನೋಡಲೆಂದು ಸತೀಶನ ಮಗ ಸುಮುಖ್ ಕ್ರಿಮೆಟೋರಿಯಂನಲ್ಲಿ ಅವತ್ತು ನಡೆದ ಕಾರ್ಯವನ್ನು ಫೋನಿನಲ್ಲಿ ತೋರಿಸುತ್ತಿದ್ದ, ಅದು ರೆಕಾರ್ಡ್ ಆಗಿದೆ. ನಾನು ಇನ್ನೂ ನೋಡಿಲ್ಲ. ಅತ್ತೆ ನಾಣ್ಯ ಒತ್ತುವುದು ಅದರಲ್ಲಿ ಸ್ಪಷ್ಟವಾಗಿದೆ, ಹಿಗ್ಗಿಸಿದರೆ ರಾಜನ ಮುಖವೂ ಕಾಣುತ್ತದೆ ಎಂದು ಸುಮುಖ್ ಹೇಳುತ್ತಾನೆ. ನೀವು ನಮ್ಮ ಮನೆಗೆ ಬನ್ನಿ, ನಿಮ್ಮ ಪಕ್ಕದಲ್ಲಿ ಕೂತು ನಾನೂ ಮೊದಲ ಸಲ ನೋಡುತ್ತೇನೆ. ಆದರೆ ನಾಣ್ಯವಿರುವ ಜಾಗವನ್ನಷ್ಟೇ ಕತ್ತರಿಸಿ ಕಳುಹಿಸಿ ಎಂದು ಮಾತ್ರ ಕೇಳಬೇಡಿ, ಅದು ಆಗುವುದಿಲ್ಲ. ನೋಡುವುದಾದರೆ ನನ್ನ ಗಂಡನ ಮುಖ ಸಮೇತ ನೋಡಬೇಕು.

ಇಂತಿ,
ನಿಮ್ಮ ಕಡತದ ಪ್ರಕಾರ ಕಳ್ಳನ ಹೆಂಡತಿ,
ಜಯಲಕ್ಷ್ಮಿ ಶ್ರೀಕಂಠ
ವುಡ್‌ಬ್ರಿಡ್ಜ್