ಕ್ಲೀನ್ ಮನೆ

ಜೂನ್ 15, ಭಾನುವಾರ. ಹಿರೀಸಾವೆ

ಬೆಳಿಗ್ಗೆ ಅತ್ತೆಯನ್ನು ಎಡ ಮಗ್ಗುಲಿಗೆ ತಿರುಗಿಸಿದೆ. ಬೆನ್ನಿನ ಹುಣ್ಣು ಒಣಗುತ್ತಿದೆ. ಪೌಡರ್ ಹಾಕಿದೆ. ಗಂಜಿ ಅರ್ಧ ಲೋಟ ಕುಡಿದರು. ಎರಡು ಬ್ಲೌಸ್‌ಗೆ ಹುಕ್ಸ್ ಹೊಲಿದು, ಅಣ್ಣ ಪುಟ್ಟರಾಜನ ಬೈಕ್ ಹತ್ತಿದೆ.

ಇನ್ನೊಂದು ಬಾಡಿಗೆ ಮನೆ. ಚನ್ನರಾಯಪಟ್ಟಣ, ಬಸ್ ಸ್ಟ್ಯಾಂಡ್ ಹಿಂದೆ. ಓನರ್ ಹೆಂಗಸು ಒಳ್ಳೆಯವರ ಹಾಗೇ ಕಂಡರು. ಎಷ್ಟು ಜನ ಅಂದರು. ನಾನು, ಅತ್ತೆ, ಹಾಸನದ ಹಾಸ್ಟೆಲ್‌ನಿಂದ ರಜೆಗೆ ಬರುವ ಮಗಳು.

"ನಿಮ್ಮತ್ತೆ ಓಡಾಡ್ತಾರಾ?"

ಇಲ್ಲ ಅಂದೆ. ಮುಖ ಬದಲಾಯಿತು.

"ತಪ್ಪು ತಿಳ್ಕಬ್ಯಾಡ ಕಣಮ್ಮ. ನಾಳೆ ಏನಾರ ಎಚ್ಚುಕಮ್ಮಿ ಆಗಿ, ನಕ್ಷತ್ರ ಸರಿ ಇಲ್ದಾಗ ಜೀವ ಓದ್ರೆ... ಮಾಳಿಗೆ ಮ್ಯಾಲೆ ನಾವೂ ಇದೀವಲ್ಲ. ನಾವೂ ಆರು ತಿಂಗ್ಳು ಮನೆ ಬಿಡ್ಬೇಕಾಯ್ತದೆ."

ತಪ್ಪು ತಿಳಿದುಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ನಮಗೆ ಆಗಿದ್ದೂ ಅದೇ. ನನ್ನ ಗಂಡ ಮೋಹನ್ ತೀರಿಕೊಂಡದ್ದು ಕೆಟ್ಟ ನಕ್ಷತ್ರದಲ್ಲಿ ಎಂದರು ಜೋಯಿಸರು. ತಿಥಿ ಮುಗಿದ ದಿನವೇ ಹಾಸನದ ಮನೆಗೆ ಬೀಗ. ಬಾಗಿಲಿಗೆ ಅಡ್ಡ ಮುಳ್ಳಿನ ಕೊಂಬೆ ಕಟ್ಟಿದರು. ಸ್ವಂತ ಮನೆಯಾಗಿದ್ದರೆ ಆರು ತಿಂಗಳು ಬಿಟ್ಟಿದ್ದು ಮತ್ತೆ ಹೋಗಬಹುದಿತ್ತು. ಬಾಡಿಗೆ ಮನೆ — ಓನರ್ ಬೇರೆಯವರಿಗೆ ಕೊಡುತ್ತೇವೆ ಅಂದರು. ಅವತ್ತಿನಿಂದ ಅಣ್ಣನ ಹೋಟೆಲ್ ಹಿಂದಿನ ರೂಮು.

ಬರುವಾಗ ಅಣ್ಣ ಬೈಕ್ ನಿಲ್ಲಿಸಿದ.

"ಬಾಡ್ಗೆ ಆಸೆ ಬುಟ್ಬುಡು ರೂಪಾ. ನಿಮ್ಮತ್ತೆ ಇರೋಗಂಟ ಯಾರೂ ಕೊಡಾಕಿಲ್ಲ. ಒಂದು ಸಣ್ಣ ಮನೆ ತಗಂಡ್ಬುಡಾನ. ಮೋಹನಂದು ಇನ್ಶೂರೆನ್ಸ್ ಬಂದೈತೆ."

ಅದು ಅವರ ದುಡ್ಡು ಅಂದೆ.

"ಅವ್ನಿಗೇನು ಮನೆ ಬ್ಯಾಡ್ವಾಗಿತ್ತಾ?"

ಮತ್ತೆ ಬೈಕ್ ಹತ್ತಿದೆ. ಲಾರಿ ಸದ್ದು ಇತ್ತು, ನನ್ನ ಅಳು ಅಣ್ಣನಿಗೆ ಕೇಳಿಸಿರಲಿಕ್ಕಿಲ್ಲ.


ಜೂನ್ 22, ಭಾನುವಾರ

ಮೋಹನ್‌ಗೆ ಮನೆ ನೋಡುವುದು ಒಂದು ಚಟ. ವಾರವೆಲ್ಲ ಸ್ಕೂಲ್ ವ್ಯಾನ್ ಓಡಿಸುವುದು. ಭಾನುವಾರ ಬಂದರೆ 'ಮಾರಾಟಕ್ಕಿದೆ' ಬೋರ್ಡ್ ಹುಡುಕುವುದು. ಕೊಳ್ಳುವ ಶಕ್ತಿ ಇಲ್ಲ, ಗತ್ತು ಮಾತ್ರ ಕೊಳ್ಳುವವರದು. ನಲ್ಲಿ ತಿರುಗಿಸಿ, ಗೋಡೆ ಕುಟ್ಟಿ, ಟೆರೇಸ್ ಹತ್ತಿ ಇಳಿದು ಬರುತ್ತಿದ್ದರು. ಬಂದ ಮೇಲೆ ನನಗೆ ಪಾಠ. ನಾನು ಸೊಪ್ಪು ಬಿಡಿಸುತ್ತಾ ಹೂಂಗುಟ್ಟುತ್ತಿದ್ದೆ. ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಇವತ್ತು ಹೊಳೆನರಸೀಪುರದಲ್ಲಿ ಒಂದು ಮನೆ. ಕೂತ ಕೂಡಲೇ ಕಾಫಿ ಬಂತು. ಬೇಡ ಅಂದೆ. ನೋಡಲು ಹೋದ ಮನೆಯಲ್ಲಿ ಕಾಫಿ ಕುಡಿದರೆ ದಾಕ್ಷಿಣ್ಯ ಹತ್ತಿಕೊಳ್ಳುತ್ತೆ, ನೀರು ಕೇಳಬೇಕು, ಬೋರ್‌ವೆಲ್ ರುಚಿ ಗೊತ್ತಾಗುತ್ತೆ — ಮೋಹನ್ ಹೇಳುತ್ತಿದ್ದದ್ದು. ಫಿಲ್ಟರ್ ನೀರು ತಂದರು. ನಲ್ಲಿದೇ ಕೊಡಿ ಅಂದೆ. ಬಾಯಿಗಿಡಲು ಆಗಲಿಲ್ಲ, ಅಷ್ಟು ಉಪ್ಪು.

ಒಂದೇ ಗೋಡೆಗೆ ಮೂರು ಕ್ಯಾಲೆಂಡರ್. ಅಣ್ಣ ಒಂದನ್ನು ಎತ್ತಿದ. ಹಿಂದೆ ತೇವ, ಬೆರಳು ತಾಗಿದರೆ ಪೇಂಟ್ ಉದುರಿತು.

"ಏನ್ ಸಾ, ನಿಮ್ಮನೇಲಿ ತಾರೀಕು ಬಾಳಾ ಮರ್ತೋಯ್ತವಾ?"

ಮನೆಯವರು ಬೇರೆ ಕಡೆ ನೋಡಿದರು.

ನಾನು ನೋಡುವುದು ಬೇರೆ. ಬಾಗಿಲಲ್ಲಿ ಮಂಚ ಹಿಡಿಸುತ್ತದಾ. ಹಾಲ್‌ನಲ್ಲಿ ಒಬ್ಬರನ್ನು ಉದ್ದಕ್ಕೆ ಮಲಗಿಸಿ ಸುತ್ತ ಜನ ಕೂರಲು ಜಾಗ ಇದೆಯಾ. ಅಣ್ಣನಿಗೂ ಹೇಳಿಲ್ಲ ಇದನ್ನು.


ಜೂನ್ 25, ಬುಧವಾರ

ಬ್ರೋಕರ್ ಷಡಕ್ಷರಿ ಫೋನ್ ಮಾಡಿ ಅವಸರ ಮಾಡಿದರು. ನಾಳೆಯಿಂದ ಆಷಾಢ, ಇವತ್ತೇ ನೋಡಿಬಿಡಿ ಅಂತ. ಚನ್ನರಾಯಪಟ್ಟಣ. ಹಳೇ ಮನೆ, ಎರಡು ರೂಮು, ಪಕ್ಕಕ್ಕೆ ಶೀಟ್ ಹಾಕಿದ ಕಾರ್ ಶೆಡ್.

"ಡಾಕ್ಯುಮೆಂಟ್ ಕ್ಲೀನು, ನೀರು ಕ್ಲೀನು, ಮನೇನೂ ಕ್ಲೀನು ಕಣಕ್ಕ."

ಕೊನೆಯದನ್ನು ಹೇಳುವಾಗ ದನಿ ತಗ್ಗಿಸಿದರು. ಗುಡಿಸಿ ಒರೆಸಿ ಇಟ್ಟಿದ್ದಾರೆ ಅಂದುಕೊಂಡೆ. ನಿಜಕ್ಕೂ ಹಾಗೇ ಇತ್ತು.

ಮಾರುವವರು ಬಸವೇಶ. ತಾಯಿ ಹೋಗಿ ವರ್ಷವಾಯಿತಂತೆ, ಮೈಸೂರಿಗೆ ಹೋಗಿ ನೆಲೆಸುತ್ತಾರಂತೆ. ಹಾಲ್ ದೊಡ್ಡದು, ತಂಪು. ಕಿಟಕಿಯಲ್ಲಿ ಪಕ್ಕದವರ ತೆಂಗಿನಮರ. ಬಾಗಿಲಿಗೆ ಸೀರೆ ಸೆರಗು ಹಿಡಿದು ಅಳತೆ ತೆಗೆದುಕೊಂಡೆ. ಮಂಚ ಹಿಡಿಸುತ್ತದೆ.


ಜುಲೈ 6, ಭಾನುವಾರ

ಜೋರು ಮಳೆ. ಯಾರಿಗೂ ಹೇಳದೆ ಬಸ್ ಹತ್ತಿ ಹೋಗಿ ಬಸವೇಶರ ಮನೆಯ ಎದುರು ಛತ್ರಿ ಹಿಡಿದು ನಿಂತೆ. ಮನೆಯನ್ನು ಮಳೆಯಲ್ಲಿ ನೋಡಬೇಕು, ಓನರ್ ಇಲ್ಲದಾಗ ನೋಡಬೇಕು. ಇದೂ ಮೋಹನ್‌ದೇ. ರಸ್ತೆಯ ನೀರು ಮನೆಯ ಕಡೆ ನುಗ್ಗಲಿಲ್ಲ, ಇಳಿಜಾರಿಗೆ ಹರಿದು ಹೋಯಿತು.

ಪಕ್ಕದ ಮನೆಯ ರೇವಮ್ಮ ಒಳಗೆ ಕರೆದರು. ಮುನ್ಸಿಪಾಲ್ಟಿ ನೀರು ದಿನ ಬಿಟ್ಟು ದಿನ ಬರುತ್ತದಂತೆ. ಚರಂಡಿ ಕಟ್ಟಿಕೊಳ್ಳುವುದಿಲ್ಲವಂತೆ. ಮನೆ ಹೇಗೆ ಅಂದೆ.

"ಮನೆ ಚೆನ್ನಾಗೈತೆ. ಮನೇದೇನು ತಪ್ಪು?"

ಅಷ್ಟೇ. ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋದರು.


ಜುಲೈ 20

ಅತ್ತಿಗೆ ಪ್ರತಿಭಾ ಪಾತ್ರೆ ತೊಳೆಯುವಾಗ ಹೇಳಿದರು.

"ಬ್ಯಾಸರ ಮಾಡ್ಕಬ್ಯಾಡ ರೂಪಾ. ನೀನು ಎಷ್ಟು ದಿನ ಇದ್ರೂ ನಂಗೆ ಭಾರ ಅಲ್ಲ. ನಿಮ್ಮತ್ತೆ ಇಲ್ಲೇ ಓಗ್ಬುಟ್ರೆ ಓಟ್ಲು ಮುಚ್ಬೇಕಾಯ್ತದಲ್ಲ... ಅದೊಂದೇ ನನ್ನೆದ್ರಿಕೆ."

ಅತ್ತಿಗೆ ಕೆಟ್ಟವರಲ್ಲ. ಅತ್ತೆಯ ಕಾಲು ಒರೆಸಿದವರು. ಆದರೆ ನಡುವೆ ಇರುವುದು ಬರೀ ಶೀಟಿನ ಗೋಡೆ. ಮಧ್ಯಾಹ್ನ ಅತ್ತೆ ಗಂಜಿ ಬೇಡ ಅಂದರು.


ಜುಲೈ 28, ಸೋಮವಾರ

ಆಷಾಢ ಮುಗಿಯಿತು. ಲಾಯರ್ ಎಲ್ಲ ಕಾಗದ ನೋಡಿದರು. ಸಾಲ ಇಲ್ಲ, ಕೇಸ್ ಇಲ್ಲ. ಒಂದೇ ತೊಡಕು. ತಾಯಿಯ ಹೆಸರಿನಲ್ಲಿದ್ದ ಮನೆ, ಬಸವೇಶರಿಗೆ ಒಬ್ಬರು ಅಕ್ಕ ಇದ್ದಾರೆ, ಶಿವಗಂಗಮ್ಮ, ಅರಕಲಗೂಡು. ಅವರಿಗೂ ಹಕ್ಕಿದೆ.

"ಹೆಣ್ಮಕ್ಕಳ ಸೈನ್ ಆಗೋವರೆಗೂ ಅಡ್ವಾನ್ಸ್ ಕೊಡಬೇಡಿ. ಇವತ್ತು ಸುಮ್ಮನಿದ್ದೋರು ನೀವು ಸೇರಿಕೊಂಡ ಮೇಲೆ ಕೋರ್ಟಿಗೆ ಬರ್ತಾರೆ."

ಬಸವೇಶ ತಲೆ ತಗ್ಗಿಸಿದರು. "ಸೀರೆ, ಅರಿಶ್ನ ಕುಂಕುಮ ಇಟ್ಟು ಕೇಳ್ದೆ ಸಾ. ಪಾಲೂ ಕೊಡ್ತೀನಿ ಅಂದೆ. ದುಡ್ಡೂ ಬ್ಯಾಡ, ಸೈನೂ ಆಕಲ್ಲ ಅಂತಾಳೆ."

ಈ ಮನೆ ಬಿಟ್ಟುಬಿಡು ಅಂದ ಅಣ್ಣ. ಅತ್ತೆಯ ಪಾದ ಊದಿದೆ. ಇನ್ನೊಂದು ಮನೆ ಹುಡುಕುವಷ್ಟು ಹೊತ್ತು ನಮಗಿಲ್ಲ.


ಆಗಸ್ಟ್ 3, ಭಾನುವಾರ

ಅರಕಲಗೂಡಿಗೆ ಒಬ್ಬಳೇ ಹೋಗಿಬಂದೆ.

ಶಿವಗಂಗಮ್ಮ ಜಗುಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದರು. ಚನ್ನರಾಯಪಟ್ಟಣದ ಮನೆ ವಿಷಯ ಅನ್ನುತ್ತಲೇ ನನ್ನ ಬ್ಯಾಗ್ ಕಡೆ ನೋಡಿದರು.

"ಈ ಸಲ ಯಾವ ಬಣ್ಣದ್ ಸೀರೆ ಕೊಟ್ ಕಳ್ಸವ್ನೆ?"

"ಸೀರೆ ಇಲ್ಲಮ್ಮ. ಮನೆ ತಗೊಳ್ಳೋಳು ನಾನೇ."

"ಓಹೋ. ಷಡಕ್ಷರಿ ಏನಂದ? ಕ್ಲೀನ್ ಮನೆ ಅಂದ್ನಾ?"

ಹೂಂ ಅಂದೆ.

"ಅಂಗಂದ್ರೇನು ಗೊತ್ತಾ ನಿಂಗೆ? ಆ ಮನೇಲಿ ಯಾರೂ ಸತ್ತಿಲ್ಲ ಅಂತ. ದಿಟವೇ. ಒಳಗೆ ಯಾರೂ ಸತ್ತಿಲ್ಲ. ನಮ್ಮವ್ವ ಸತ್ತಿದ್ದು ಕಾರ್ ಶೆಡ್ನಾಗೆ."

ಕೈ ಅಲಸಂದೆ ಬಿಡಿಸುತ್ತಲೇ ಇತ್ತು.

"ಉಸ್ರು ಎಳೀತಿದ್ದಂಗೇ ಬಸವ, ಅವ್ನೆಂಡ್ತಿ ಎತ್ಕಬಂದು ಆಚೆಗಾಕುದ್ರು. ಒಳಗೋದ್ರೆ ಮನೆಗೆ ಗಿರಾಕಿ ಬರಾಕಿಲ್ಲ ಅಂತ. ಸಂಜೇಲಾಕಿದ್ದು, ಮಾರ್ನೆ ದಿನ ಮಧ್ಯಾನದ್ ಗಂಟ ಜೀವ ಓಗ್ಲಿಲ್ಲ. ಮಳೆ ಎರ್ಚಲು. ನಾನು ಓಗೋ ಒತ್ಗೆ ಕಾಲೆಲ್ಲ ನೆಂದಿತ್ತು. 'ಬಾಗ್ಲು ತೆಗಿಯೋ ಬಸವಾ' ಅಂತಿದ್ಲು ಕಣಮ್ಮ. ತಾನೇ ಎಲ್ಲೋ ಓಗಿದ್ದೆ, ಬರಾದ್ರಾಗೆ ಮಗ ಬಾಗ್ಲಾಕ್ಕಂಡವ್ನೆ ಅನ್ಕಂಡಿದ್ಲು."

ನಾನೂ ಒಂದು ಹಿಡಿ ಅಲಸಂದೆ ತೆಗೆದುಕೊಂಡು ಬಿಡಿಸತೊಡಗಿದೆ. ಆಮೇಲೆ ಯಾರಿಗೂ ಹೇಳದ ಮಾತು ಬಾಯಿಗೆ ಬಂತು. ನಂಗೆ ಕ್ಲೀನ್ ಮನೆ ಬೇಡ ಅಂದೆ. ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ, ಅವರನ್ನು ಇಟ್ಟುಕೊಂಡು ಯಾರೂ ಬಾಡಿಗೆಗೆ ಕೊಡುತ್ತಿಲ್ಲ, ಅವರು ಮಲಗೋಕೆ ಒಂದು ಜಾಗ ಬೇಕು... ಹೋಗೋಕೂ.

ಶಿವಗಂಗಮ್ಮ ನನ್ನನ್ನೇ ನೋಡಿದರು.

"ಸೈನ್ ಬೇಕು ಅಂದ್ರೆ ಜನ ಏನ್ ಕತೆ ಬೇಕಾದ್ರೂ ಕಟ್ತಾರೆ. ನಿಮ್ಮತ್ತೇನ ನಾನು ಕಣ್ಣಾರೆ ನೋಡ್ಬೇಕು."


ಆಗಸ್ಟ್ 10, ಭಾನುವಾರ

ಶಿವಗಂಗಮ್ಮ ಬಂದೇ ಬಂದರು. ನೇರ ರೂಮಿಗೆ. ಅತ್ತೆಯ ಪಾದ ಒತ್ತಿ ನೋಡಿದರು, ಹೊದಿಕೆ ಸರಿಸಿ ಬೆನ್ನು ನೋಡಿದರು. ಅತ್ತೆಗೆ ಎಷ್ಟೋ ದಿನದ ಮೇಲೆ ಮಾತು ಬಂತು.

"ಯಾರವ್ವ ಇವ್ಳು? ಸಂತೇಲಿ ಎತ್ತು ನೋಡ್ದಂಗೆ ನೋಡ್ತಾವ್ಳೆ. ಅಲ್ಲು ಎಣ್ಸಕ್ಕೆ ಬಂದಿದ್ರೆ ವಾಪಸ್ ಓಗು ಕಣವ್ವ, ನಂಗೆ ಒಂದೂ ಇಲ್ಲ."

ಶಿವಗಂಗಮ್ಮ ನಕ್ಕುಬಿಟ್ಟರು. "ನಮ್ಮನೇಲಿ ಇರ್ತೀಯಾ ಅಜ್ಜಿ? ಕಿಟ್ಕಿ ಪಕ್ಕ ನಮ್ಮವ್ವ ಮಲಗ್ತಿದ್ಲು. ತಂಪಾಗೈತೆ."

"ಅಲ್ಲಿಗೆ ಬಂದ್ಮ್ಯಾಲೆ ಬಿರ್ನೆ ಓಗ್ಬೇಕಾ, ನಿಧಾನಕ್ಕೋದ್ರೂ ನಡೀತದಾ?"

ನಗುತ್ತಿದ್ದವರೇ ಸೆರಗು ಬಾಯಿಗೆ ಹಿಡಿದರು. "ನಿನ್ ಮನೆ ಕಣಜ್ಜಿ. ನಿನ್ನಿಷ್ಟ."

ಬಸ್ ಹತ್ತುವಾಗ ನನ್ನ ಕೈ ಹಿಡಿದರು. "ಬಸವಂಗೋಸ್ಕರ ಆಕ್ತಿಲ್ಲ ನಾನು ಸೈನು. ಆಚೆಗ್ ಮಾತ್ರ ಆಕ್ಬ್ಯಾಡ."

ಹಾಕಲ್ಲ ಅಂದೆ.


ಆಗಸ್ಟ್ 14

ರಿಜಿಸ್ಟರ್ ಆಯಿತು. ಶಿವಗಂಗಮ್ಮ ಸೈನ್ ಹಾಕಿ, ಹೆಬ್ಬೆಟ್ಟು ಒತ್ತಿ, ತಮ್ಮನ ಮುಖ ನೋಡದೆ ಹೊರಟರು. ನನ್ನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ನಿಂತಿದ್ದೆ. ಆಪರೇಟರ್ ನಡುವೆ ಬನ್ನಿ ಅಂದರು.


ಆಗಸ್ಟ್ 20, ಬುಧವಾರ. ಚನ್ನರಾಯಪಟ್ಟಣ

ಮೋಹನ್ ಹೋಗಿ ವರ್ಷ ತುಂಬಿಲ್ಲ, ಪೂಜೆ ಇಲ್ಲ. ಹಾಲು ಮಾತ್ರ. ಉಕ್ಕಿಸಿದ್ದು ಅತ್ತಿಗೆ, ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮಗಳು ಅನುಶ್ರೀ ಬಂದಿದ್ದಳು. ಅಪ್ಪನ ಹಾಗೆಯೇ ಪ್ರತಿ ನಲ್ಲಿ ತಿರುಗಿಸಿ ನೋಡಿದಳು. ಯಾರೂ ಹೇಳಿಕೊಟ್ಟಿದ್ದಲ್ಲ.

ಅತ್ತೆಯ ಮಂಚ ಹಾಲ್‌ನಲ್ಲಿ, ಕಿಟಕಿ ಪಕ್ಕ. ತೆಂಗಿನ ಗರಿ ಅಲ್ಲಾಡುವುದನ್ನೇ ನೋಡುತ್ತಾರೆ. ಗಂಜಿ ಪೂರಾ ಕುಡಿದರು.


ಸೆಪ್ಟೆಂಬರ್ 11, ಗುರುವಾರ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಅಂದರೆ ಚೆನ್ನಾಗಿಯೇ ಇದ್ದೆವು. ನಿನ್ನೆಯಿಂದ ಅತ್ತೆಗೆ ಗಂಟಲಲ್ಲಿ ನೀರೂ ಸರಿಯಾಗಿ ಇಳಿಯುತ್ತಿಲ್ಲ. ಡಾಕ್ಟರ್ ಬಂದು ನೋಡಿ, ಆಸ್ಪತ್ರೆಗೆ ಬೇಡ, ಮನೇಲೇ ಇರಲಿ ಅಂದರು.

ಮಧ್ಯಾಹ್ನ ಅತ್ತೆ ಹತ್ತಿರ ಕರೆದರು.

"ರೂಪಾ. ಮನೆ ನಿನ್ನೆಸ್ರಿಗೆ ಆಯ್ತಲ್ಲ?"

"ಆಯ್ತು ಅತ್ತೆ."

"ಅಂಗಾದ್ರೆ ಕೇಳು. ನಾನೋಗೋ ದಿನ ಯಾವ್ ನಕ್ಷತ್ರವೋ. ಮೋಹನಂಗೆ ಆದಂಗಾದ್ರೆ ನೀನೂ ಆ ಮಗೂವೂ ಮತ್ತೆ ಬೀದಿ. ಪಕ್ಕದಾಗೆ ಶೆಡ್ ಐತಲ್ಲ, ಅಲ್ಲಿಗಾಕು ನನ್ನ."

"ಇದು ಸ್ವಂತ ಮನೆ. ಹೋಗಿ ಅನ್ನೋಕೆ ಯಾರೂ ಇಲ್ಲ."

"ಓನರ್ ಇಲ್ದೆ ಇರ್ಬೋದು ಕಣ ಮಗಾ. ಜನ ಇಲ್ವಾ? ಅವ್ರೇ ಬಂದು ಮುಳ್ಳು ಕಟ್ತಾರೆ."

ರಿಜಿಸ್ಟರ್ ಆದರೆ ಮುಗಿಯಿತು ಅಂದುಕೊಂಡಿದ್ದೆ. ಇದನ್ನು ಮೋಹನ್ ಕೂಡ ಹೇಳಿಕೊಟ್ಟಿರಲಿಲ್ಲ.


ಸೆಪ್ಟೆಂಬರ್ 14

ಆಚೆಗಾಕು. ಅದೊಂದೇ ಮಾತು. ಮಲಗಿದ್ದಾರೆ ಅಂದುಕೊಂಡರೆ ಮತ್ತೆ ಅದೇ. ಶಿವಗಂಗಮ್ಮನಿಗೆ ಫೋನ್ ಮಾಡಲು ಹೋಗಿ ಬಿಟ್ಟೆ. ಏನಂತ ಹೇಳಲಿ.


ಸೆಪ್ಟೆಂಬರ್ 16, ಮಂಗಳವಾರ. ಮಧ್ಯಾಹ್ನ

ಉಸಿರು ಮೇಲೆ ಮೇಲೆ. ಅಣ್ಣ, ಅತ್ತಿಗೆ ಬಂದರು. ರೇವಮ್ಮನೂ ಬಂದರು. ಅನುಶ್ರೀ ಹಾಸನದಿಂದ ಬಸ್ ಹತ್ತಿದ್ದಾಳೆ.

ಅಣ್ಣ ನನ್ನನ್ನು ಅಡಿಗೆಮನೆಗೆ ಕರೆದ.

"ಶೆಡ್ನಾಗೆ ಚಾಪೆ ಆಸಿದೀನಿ. ನಾವು ಯೋಳಿದ್ರೆ ಬೇರೆ. ಅವ್ರೇ ಬಾಯ್ಬುಟ್ಟು ಕೇಳ್ತಾವ್ರೆ ರೂಪಾ. ಕಡೇ ಮಾತು. ನಡೆಸ್ಬೇಕು ಕಣವ್ವ."

"ಐದು ನಿಮಿಷ ಆಚೆ ಇರಿ, ಮೈ ಒರೆಸ್ತೀನಿ" ಅಂದೆ. ಹೋದರು. ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಹಿಂಬಾಗಿಲಿಗೂ ಹಾಕಿದೆ.

ಮೈ ಒರೆಸಿದೆ. ಸೀರೆ ಬದಲಿಸಿದೆ. ಕಿವಿಯ ಹತ್ತಿರ ಬಗ್ಗಿ ಕೇಳಿದೆ — ಆಚೆ ಹೋಗೋಕೆ ನಿಮಗೆ ಇಷ್ಟಾನಾ ಅತ್ತೆ, ಇಲ್ಲ ನಮಗೋಸ್ಕರ ಹೇಳ್ತಿದ್ದೀರಾ?

ಕಣ್ಣು ಮುಚ್ಚಿಯೇ ಇತ್ತು. ಕೇಳಿಸಲಿಲ್ಲ ಅಂದುಕೊಂಡೆ. ತುಂಬ ಹೊತ್ತಿನ ಮೇಲೆ ತುಟಿ ಆಡಿತು.

"ಅಲ್ಲಿ... ಚಳಿ."

ಹಾಗಾದರೆ ಬೇಡ ಅಂದೆ. ಇಲ್ಲೇ ಇರಿ. ಯಾವ ನಕ್ಷತ್ರವಾದರೂ ಆಗಲಿ, ಮುಳ್ಳು ಕಟ್ಟಿದರೆ ಬಿಚ್ಚಿಕೊಂಡು ಬರುತ್ತೇನೆ. ಇದನ್ನು ಜೋರಾಗಿಯೇ ಹೇಳಿದೆ. ಹೊರಗಿನವರಿಗೂ ಕೇಳಿಸಿರಬೇಕು. ಅಣ್ಣ ಬಾಗಿಲು ಬಡಿಯುತ್ತಿದ್ದಾನೆ. "ಬಾಗ್ಲು ತೆಗಿ ರೂಪಾ, ಒತ್ತಾಯ್ತಾ ಐತೆ." ತೆಗೆಯುವುದಿಲ್ಲ.

ಎಡಗೈ ಅತ್ತೆಯ ಕೈಯಲ್ಲಿದೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚುತ್ತಿದೆ. ಗರಿಯ ನೆರಳು ಹೊದಿಕೆಯ ಮೇಲೆ. ಕಾಲು ಬೆಚ್ಚಗಿದೆ, ಮುಟ್ಟಿ ನೋಡಿದೆ. ಈಗ ಅತ್ತೆ ಕಣ್ಣು ಬಿಟ್ಟು ಕಿಟಕಿ ಕಡೆ ನೋಡುತ್ತಿದ್ದಾರೆ. ಪೆನ್ನು ಇಡುತ್ತೇನೆ, ಎರಡೂ ಕೈ ಬೇಕು.