ಗುಂಟೂರು ಖಾರದ ಉಪಕಾರ

ಗಿರಣಿ ಗುತ್ತೆಪ್ಪ ಕಾಕಾ ಅವರಿಗೆ, ಮೇಲಿನ ಮನೆಯ ಬಾಡಿಗೆದಾರಳು ಸಮತಾಳ ನಮಸ್ಕಾರಗಳು.

ಗಿರಣಿ ಸದ್ದಿನಲ್ಲಿ ನಾನು ಮೆಟ್ಟಿಲ ಮೇಲೆ ನಿಂತು ಏನೇ ಕೂಗಿದರೂ ನೀವು "ಜ್ವಾಳಾನೋ ಗೋದಿನೋ, ಯವ್ವಾ?" ಎಂದೇ ಕೇಳುತ್ತೀರಿ. ಅದಕ್ಕೇ ಈ ಕಾಗದ.

ಬೆಂಗಳೂರಿನ ಕಂಪನಿ ಕೆಲಸವನ್ನು ನಾನು ಹಾನಗಲ್ಲಿನಲ್ಲೇ ಕೂತು ಮಾಡುವುದು ನಿಮಗೆ ಗೊತ್ತು. ಅಲ್ಲಿದ್ದಾಗ ಅರ್ಧ ಸಂಬಳ ಬಾಡಿಗೆಗೇ ಹೋಗುತ್ತಿತ್ತು. ಇಲ್ಲಿ ಬಾಡಿಗೆ ಕಡಿಮೆ, ಸೀನುವುದು ಜಾಸ್ತಿ. ನೀವು ಖಾರ ಕುಟ್ಟಲು ಹಿಡಿದರೆ ಮೀಟಿಂಗಿನಲ್ಲಿ ನನಗೆ ಬಾಯಿ ತೆರೆಯಲು ಆಗುವುದಿಲ್ಲ.

ನಿನ್ನೆ ಕಂಪ್ಯೂಟರಿನಲ್ಲೇ ಸಂಬಳದ ಮೀಟಿಂಗ್ ನಡೆಯಿತು. ನಮ್ಮ ಮ್ಯಾನೇಜರ್ ಮೇಡಂ, "ಸಣ್ಣ ಊರಲ್ಲಿ ಇದ್ದೀರಲ್ಲ, ನಿಮಗೇನು ಖರ್ಚು? ಸಂಬಳ ಏರಬೇಕಿದ್ದರೆ ಬೆಂಗಳೂರಿಗೆ ಬನ್ನಿ" ಎಂದರು. ಅದೇ ಹೊತ್ತಿಗೆ ನೀವು ಕೆಳಗೆ ಗಿರಣಿಗೆ ಗುಂಟೂರು ಮೆಣಸಿನಕಾಯಿ ಸುರಿದಿರಿ. ನನ್ನ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಮೇಡಂ ಗಾಬರಿಯಾಗಿ, "ಅಯ್ಯೋ, ಅಳಬೇಡಿ ಸಮತಾ" ಎಂದು ಅಲ್ಲೇ ಸಂಬಳ ಏರಿಸಿದರು. ಬೆಂಗಳೂರಿನ ಮಾತನ್ನೂ ಬಿಟ್ಟರು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ದಿನಾ ಮೀಟಿಂಗ್ ಹೊತ್ತಿಗೆ ದಯವಿಟ್ಟು ಖಾರ ಕುಟ್ಟಬೇಡಿರಿ. ಮುಂದಿನ ವರ್ಷದ ಸಂಬಳದ ಮೀಟಿಂಗಿಗೆ ಮಾತ್ರ ಮರೆಯದೆ ಕುಟ್ಟಿರಿ. ಬ್ಯಾಡಗಿ ಬೇಡ, ಅದು ಬರೀ ಬಣ್ಣ. ಗುಂಟೂರೇ ಇರಲಿ, ಮೆಣಸಿನಕಾಯಿ ನಾನೇ ತಂದುಕೊಡುತ್ತೇನೆ.

ಇದನ್ನು ಓದಿ ಬಾಡಿಗೆ ಏರಿಸುವ ವಿಚಾರ ನಿಮಗೆ ಬಂದರೆ, ಗಿರಣಿ ಓಡುತ್ತಿರುವಾಗಲೇ ಕೂಗಿ ಹೇಳಿರಿ. ನಾನೂ ಮೇಲಿನಿಂದ "ಜ್ವಾಳಾನೋ ಗೋದಿನೋ, ಕಾಕಾ?" ಎಂದು ಕೇಳುತ್ತೇನೆ.

ಇಂತಿ, ಇನ್ನೂ ಸೀನುತ್ತಿರುವ
ಸಮತಾ